ಗುರುಸಂಘದ ಎಣ್ಣೆ

ನನ್ನ ತಾಯಿ ಸಲೋಮಮ್ಮನ ಉಸಿರು ನಿಂತದ್ದು ಒಂದು ಮಂಗಳವಾರ ಬೆಳಗ್ಗೆ, ಕಾಫಿಗೆ ಸಕ್ಕರೆ ಜಾಸ್ತಿ ಹಾಕಿದ್ದೇನೆಂದು ನನ್ನನ್ನು ಬೈಯುತ್ತಿದ್ದಾಗ. ಬೈಗುಳ ನಿಲ್ಲಲಿಲ್ಲ. ಅರವತ್ತು ವರ್ಷದ ಹೆಂಗಸಿಗೆ ಒಂದು ಲೋಟ ಕಾಫಿ ಬೆರೆಸಲು ಬರುವುದಿಲ್ಲವೆಂಬ ಮಾತನ್ನು ಪೂರ್ತಿ ಮಾಡಿ, ಲೋಟ ಕೆಳಗಿಟ್ಟು, ಎದೆಯ ಮೇಲೆ ಅಂಗೈ ಇಟ್ಟುಕೊಂಡು ಸ್ವಲ್ಪ ಹೊತ್ತು ಗಮನಿಸಿದಳು. “ನಿಂತೋಯ್ತು ಕಣೆ ರೆಜಿ,” ಎಂದಳು. “ಬೆಟ್ಟದ ಫಾದರ್‌ಗೆ ಹೇಳ್ಕಳ್ಸು. ಬಿಳಿ ಸೀರೆ ತೆಗ್ದಿಡು. ಇನ್ನೊಂದು ಲೋಟ ಕಾಫಿ ಮಾಡಕ್ಕೆ ಹೋಗ್ಬೇಡ, ಇನ್ನು ನಂಗ್ಯಾಕೆ.”

ಅವಳಿಗೆ ತೊಂಬತ್ತಮೂರು. ನನಗೆ ಅಳು ಬಂತು, ಆದರೆ ಅಳುತ್ತ ಕೂರುವ ಹೊತ್ತಲ್ಲ ಅದು. ನಮ್ಮೂರಿನ ಕ್ರೈಸ್ತರ ಮನೆಗಳಲ್ಲಿ ಉಸಿರು ನಿಂತ ಮೇಲೆಯೇ ಓಡಾಟ ಶುರು. ಉಸಿರು ನಿಲ್ಲುತ್ತದೆ, ನಾಡಿ ನಿಲ್ಲುತ್ತದೆ, ಮನುಷ್ಯ ಮಾತ್ರ ಇರುತ್ತಾನೆ. ಪಾದ್ರಿ ಬಂದು ಕಣ್ಣು, ಕಿವಿ, ಮೂಗು, ತುಟಿ, ಅಂಗೈ, ಪಾದಗಳಿಗೆ ಮಂತ್ರಿಸಿದ ಎಣ್ಣೆ ಹಚ್ಚಿ ಅಂತ್ಯಲೇಪನ ಕೊಟ್ಟ ಮೇಲೆ ಹೋಗುತ್ತಾನೆ. ಬೇರೆ ಧರ್ಮದವರು ತಮ್ಮ ಪಾಡಿಗೆ ತಾವು ಸಾಯುತ್ತಾರೆ. ನಮ್ಮನ್ನು ಕಂಡು ಅವರಲ್ಲಿ ಕೆಲವರಿಗೆ ಹೊಟ್ಟೆಕಿಚ್ಚು, ಕೆಲವರಿಗೆ ಕನಿಕರ. ಡಾಕ್ಟರು ಬಂದು ‘ಉಸಿರು ನಿಂತಿದೆ’ ಎಂದು ಚೀಟಿ ಬರೆದುಕೊಡುತ್ತಾರೆ. ಆ ಚೀಟಿ ತೋರಿಸಿದರೆ ಕಚೇರಿಗಳಲ್ಲಿ ಮೂರು ದಿನ ರಜೆ ಸಿಗುತ್ತದೆ. ಹೋದ ವರ್ಷ ತೆಂಗಿನ ಮರದಿಂದ ಬಿದ್ದ ಇನ್ನಾಸಪ್ಪ, ಪಾದ್ರಿ ಬರುವವರೆಗೆ ಮರದ ಬುಡದಲ್ಲೇ ಮಲಗಿಕೊಂಡು ಯಾವ ಗೊನೆ ಬಲಿತಿದೆ, ಯಾವುದನ್ನು ಇನ್ನೊಂದು ವಾರ ಬಿಡಬೇಕು ಎಂದು ಮನೆಯವರಿಗೆ ಹೇಳುತ್ತಿದ್ದ.

ಆದರೆ ತುಂಬಾ ದಿನ ಕಾಯಿಸಬಾರದು. ಉಸಿರು ನಿಂತವರಿಗೆ ಹಸಿವಿಲ್ಲ, ನಿದ್ದೆಯಿಲ್ಲ. ಅದಕ್ಕಿಂತ ಕೆಟ್ಟದ್ದು, ಮರೆವು ಹತ್ತುತ್ತದೆ. ಹೊಸದು ಮೊದಲು ಹೋಗುತ್ತದೆ, ಹಳೆಯದು ಆಮೇಲೆ. ದಿನಕ್ಕೆ ಹೆಚ್ಚುಕಮ್ಮಿ ಐದು ವರ್ಷ. ಪೇಟೆ ಬೀದಿಯ ಬಾರ್ತಲೋಮಪ್ಪ ಮಕ್ಕಳ ಮೇಲಿನ ಹಟಕ್ಕೆ ಪಾದ್ರಿಯನ್ನು ಒಳಗೆ ಬಿಡಲಿಲ್ಲ, ಮುಷ್ಟಿ ಬಿಗಿದು ಕೂತ. ಮುಷ್ಟಿ ಬಿಗಿದವರಿಗೆ, ಮನಸ್ಸಿಲ್ಲದವರಿಗೆ, ಎಣ್ಣೆ ಹತ್ತುವುದಿಲ್ಲ. ಈಗಲೂ ಅವನು ಜಗುಲಿಯ ಮೇಲೆ ಕೂತಿದ್ದಾನೆ. ಹೆಸರು ಕೇಳಿದರೆ ಹೇಳಲಾರ. ಮುಷ್ಟಿ ಯಾಕೆ ಬಿಗಿದೆನೆಂಬುದೂ ಮರೆತುಹೋಗಿದೆ, ಬಿಚ್ಚಲು ಮಾತ್ರ ಒಪ್ಪುವುದಿಲ್ಲ. ಶಾಲೆಗೆ ಹೋಗುವ ಮಕ್ಕಳು ಅವನ ಪಕ್ಕದಲ್ಲಿ ಚೀಲವಿಟ್ಟು ಗೋಲಿ ಆಡುತ್ತಾರೆ. ನನ್ನ ತಾಯಿ ಹಾಗೆ ಕೂರಬಾರದು, ತಾನು ಯಾರೆಂದು ತಿಳಿದಿರುವಾಗಲೇ, ನಾನು ಯಾರೆಂದು ತಿಳಿದಿರುವಾಗಲೇ ಹೋಗಬೇಕು. ನನಗೆ ಬೇಕಿದ್ದದ್ದು ಇಷ್ಟೇ. ಇದಕ್ಕೆ ಹನ್ನೆರಡು ದಿನ ಮೂವರು ಪಾದ್ರಿಗಳ ಬಾಗಿಲು ಕಾಯಬೇಕಾಯಿತು.

ಬೆಟ್ಟದ ಫಾದರ್ ಎಂದರೆ ಪೂರ್ವವಿಧಿ ಗುರುಸಂಘದ ಹಿರಿಯರಾದ ಫಾದರ್ ಕ್ಲೆಮೆಂಟ್. ಈ ಸಂಘದ ಚರಿತ್ರೆ ಬರೆದುಕೊಡಿ ಎಂದು ಅವರು ನನಗೆ ಗಂಟುಬಿದ್ದು ಮೂರು ವರ್ಷವಾಗಿತ್ತು. ನಾನು ಮೂವತ್ತನಾಲ್ಕು ವರ್ಷ ಲೆಕ್ಕ ಕಲಿಸಿದವಳು, ಚರಿತ್ರೆ ನನ್ನ ಕೈಯಲ್ಲಾಗುವುದಿಲ್ಲ ಎಂದರೂ ಬಿಡಲಿಲ್ಲ. ಸುವರ್ಣೋತ್ಸವಕ್ಕೆಂದು ಆ ಪುಸ್ತಕ. ಸಂಘಕ್ಕೆ ಐವತ್ತೆರಡು ವರ್ಷ ತುಂಬಿದರೂ ಉತ್ಸವ ಇನ್ನೂ ಆಗಿರಲಿಲ್ಲ. ಸಂಘ ಹುಟ್ಟಿದ್ದು ಸಂಸ್ಥಾಪಕರು ಬೆಟ್ಟ ಹತ್ತಿದ ದಿನವೋ, ಹತ್ತಬೇಕೆಂದು ತೀರ್ಮಾನಿಸಿದ ದಿನವೋ ಎಂಬುದು ಇತ್ಯರ್ಥವಾಗಿರಲಿಲ್ಲ. ಎರಡರ ನಡುವೆ ಇದ್ದದ್ದು ಎಂಟು ದಿನ. ಎಂಟು ದಿನಕ್ಕಾಗಿ ಎರಡು ವರ್ಷ ಜಗಳವಾಡುವವರ ಚರಿತ್ರೆ ಬರೆಯುವುದೆಂದರೆ ಏನೆಂದು ಬರೆದವರಿಗೇ ಗೊತ್ತು.

ಆ ಚರಿತ್ರೆ ಹೀಗೆ. ನನಗೆ ಎಂಟು ವರ್ಷವಿದ್ದಾಗ ಮೇಲಿನಿಂದ ಆಜ್ಞೆ ಬಂತು: ಇನ್ನು ಮುಂದೆ ಪೂಜೆ ಲತೀನಿನಲ್ಲಲ್ಲ, ಕನ್ನಡದಲ್ಲಿ, ಪಾದ್ರಿ ಪೀಠದ ಕಡೆಗಲ್ಲ, ಜನರ ಕಡೆಗೆ ಮುಖಮಾಡಿ ನಿಲ್ಲಬೇಕು. ಪೇಟೆ ಚರ್ಚಿನ ಪಾದ್ರಿಯಾಗಿದ್ದ ಫಾದರ್ ಹಿಲಾರಿ ಒಪ್ಪಲಿಲ್ಲ. ದೇವರಿಗೆ ಬೆನ್ನು ಹಾಕಿ ನಿಮ್ಮ ಮುಖ ನೋಡುವಂಥದ್ದು ನಿಮ್ಮ ಮುಖದಲ್ಲಿ ಏನಿದೆ ಎಂದು ಭಾನುವಾರದ ಪ್ರಸಂಗದಲ್ಲೇ ಕೇಳಿ, ಏಳು ಮನೆಯವರನ್ನು ಕಟ್ಟಿಕೊಂಡು, ಎತ್ತಿನ ಗಾಡಿಯಲ್ಲಿ ಹಳೆಯ ಮರದ ಪೀಠ ಹೇರಿಕೊಂಡು, ಊರಾಚೆಯ ಬೆಟ್ಟ ಹತ್ತಿದರು. ಏಳು ಮನೆಗಳಲ್ಲಿ ನಮ್ಮದೂ ಒಂದು. ಅಮ್ಮ ಗಾಡಿಯ ಹಿಂದೆ ನಡೆದಳು. ಅಂದಿನಿಂದ ಗುರುಗಳ ಪೂಜೆಯ ಬಟ್ಟೆಗಳನ್ನು ಹೊಲಿದು, ಒಗೆದು, ಗಂಜಿ ಹಾಕಿ ಇಸ್ತ್ರಿ ಮಾಡಿದವಳು ಅವಳೇ. ಪೇಟೆ ಚರ್ಚಿನ ಹೊಸ್ತಿಲನ್ನು ಮತ್ತೆ ತುಳಿಯಲಿಲ್ಲ.

ಕನ್ನಡದಲ್ಲಿ ಅಂತ್ಯಲೇಪನ ಮಾಡಿದರೆ ಯಾರೂ ಸಾಯುವುದಿಲ್ಲ, ಆಗ ಎಲ್ಲರೂ ಬೆಟ್ಟಕ್ಕೇ ಬರಬೇಕಾಗುತ್ತದೆ ಎಂಬುದು ಸಂಘದ ಮೊದಲ ಭರವಸೆ. ಪೇಟೆಯಲ್ಲಿ ಕಮ್ಮಾರ ಪಾಸ್ಕಲಪ್ಪನ ಉಸಿರು ನಿಂತಾಗ ಬೆಟ್ಟದವರೆಲ್ಲ ಕಿವಿ ನಿಮಿರಿಸಿಕೊಂಡು ಕೂತರು. ಪಾಸ್ಕಲಪ್ಪ ಕನ್ನಡದಲ್ಲೇ ಎಣ್ಣೆ ಹಚ್ಚಿಸಿಕೊಂಡು, ಹೇಳುತ್ತಿದ್ದ ಮಾತನ್ನು ಅರ್ಧಕ್ಕೆ ಬಿಟ್ಟು, ಸಲೀಸಾಗಿ ಹೋದ. ಮರುವಾರ ಬೆಟ್ಟದಲ್ಲಿ ಒಬ್ಬಾಕೆ ಲತೀನಿನಲ್ಲಿ ಅಷ್ಟೇ ಸಲೀಸಾಗಿ ಹೋದಳು. ಎರಡು ಕಡೆಯವರಿಗೂ ಬೇಜಾರಾಯಿತು. ಅಲ್ಲಿಗೆ ಜಗಳ ಮುಗಿಯಬೇಕಿತ್ತು ಎಂದು ನಿಮಗನ್ನಿಸಿದರೆ ನೀವು ಪಾದ್ರಿಗಳನ್ನು ಕಂಡವರಲ್ಲ.

ಸಂಘಕ್ಕಿದ್ದ ಒಂದೇ ಕೊರತೆ ಬಿಷಪ್ಪರದು. ಎಣ್ಣೆಯನ್ನು ಬಿಷಪ್ಪರೇ ಮಂತ್ರಿಸಬೇಕು, ಊರಿನ ಬಿಷಪ್ಪರ ಜೊತೆ ಇವರಿಗೆ ಮಾತಿಲ್ಲ. ಒಂದು ಸಲ ಎಲ್ಲಿಂದಲೋ ಎಲ್ಲಿಗೋ ಹೊರಟಿದ್ದ ನಿವೃತ್ತ ಬಿಷಪ್ಪರೊಬ್ಬರು ಮಂಡಿನೋವಿನಿಂದ ಬೆಟ್ಟದಲ್ಲಿ ಮೂರು ದಿನ ಉಳಿದರು. ಹಳಬರು, ಹಳೆಯ ವಿಧಿಯವರು. ಫಾದರ್ ಹಿಲಾರಿ ಒಂದು ಉಪ್ಪಿನಕಾಯಿ ಜಾಡಿ ತೊಳೆದು ಒಣಗಿಸಿ, ಅದರ ತುಂಬ ಆಲಿವ್ ಎಣ್ಣೆ ಸುರಿದು ಮಂತ್ರಿಸಿಕೊಂಡರು. ಆಮೇಲೆ ಒಂದು ಕಟ್ಟಳೆ ಮಾಡಿದರು: ವರ್ಷಕ್ಕೊಮ್ಮೆ, ಈಸ್ಟರಿಗೆ ಮುಂಚಿನ ಪವಿತ್ರ ಗುರುವಾರದಂದು, ಜಾಡಿಗೆ ಹೊಸ ಎಣ್ಣೆ ಹಾಕಬಹುದು, ಆದರೆ ಹಾಕುವುದು ಇರುವುದಕ್ಕಿಂತ ಕಡಿಮೆ ಇರಬೇಕು. ಆಗ ಇರುವುದು ಹೊಸದನ್ನು ತನ್ನಂತೆ ಮಾಡಿಕೊಳ್ಳುತ್ತದೆ. ಲೆಕ್ಕದವಳಾಗಿ ನನಗೆ ಈ ಕಟ್ಟಳೆ ಇಷ್ಟ. ಪಾಲಿಸಿದರೆ ಒಂದು ಜಾಡಿ ಪ್ರಪಂಚ ಮುಗಿಯುವ ತನಕ ಬರುತ್ತದೆ. ಐವತ್ತು ವರ್ಷ ಬಂತು ಕೂಡ.

ಕೆಟ್ಟದ್ದು ಹೋದ ವರ್ಷ. ಹದಿನೆಂಟು ವರ್ಷದ ಹಿಂದೆ ಊರಿನ ಬಿಷಪ್ಪರು ಸಂಘಕ್ಕೊಂದು ಕಾಗದ ಬರೆದಿದ್ದರು. ಹಳೆಯ ಪೂಜೆಯನ್ನೇ ಇಟ್ಟುಕೊಳ್ಳಿ, ಮಾತಿಗಾದರೂ ಬನ್ನಿ ಎಂದು. ಆ ಕಾಗದಕ್ಕೆ ಉತ್ತರ ಬರೆಯಬೇಕೇ ಬೇಡವೇ ಎಂಬುದು ಹದಿನೇಳು ವರ್ಷ ಚರ್ಚೆಯಾಯಿತು. ಒಪ್ಪಬೇಕೇ ಎಂದಲ್ಲ, ಉತ್ತರ ಬರೆಯಬೇಕೇ ಎಂದು. ‘ಬರಲಾಗುವುದಿಲ್ಲ’ ಎಂದಾದರೂ ಬರೆಯೋಣ, ಅದು ಮರ್ಯಾದೆ ಎಂದರು ಫಾದರ್ ಕ್ಲೆಮೆಂಟ್. ‘ಬರಲಾಗುವುದಿಲ್ಲ’ ಎಂದು ಬರೆದರೂ ಕರೆಯುವ ಅಧಿಕಾರ ಅವರಿಗಿದೆ ಎಂದು ಒಪ್ಪಿದಂತೆ ಎಂದರು ಅವರಿಗಿಂತ ಎರಡು ವರ್ಷ ಕಿರಿಯರಾದ ಫಾದರ್ ಅನ್ಸೆಲ್ಮ್. ಕೊನೆಗೆ ಫಾದರ್ ಅನ್ಸೆಲ್ಮ್ ಒಂಬತ್ತು ಮನೆಯವರೊಂದಿಗೆ ಬೆಟ್ಟ ಇಳಿದು, ಮುಚ್ಚಿಹೋದ ಅಕ್ಕಿ ಗಿರಣಿಯಲ್ಲಿ ಬೇರೆ ಪೂಜೆ ಹೂಡಿದರು. ಇಳಿಯುವ ಮುಂಚೆ ಜಾಡಿಯ ಎಣ್ಣೆಯನ್ನು ಪಾಲು ಮಾಡಿಕೊಂಡರು. ಪಾಯಸ ಬಡಿಸುವ ಸೌಟಿನಿಂದ, ನಿನಗೊಂದು ನನಗೊಂದು ಎಂದು, ಇಬ್ಬರೂ ಬಗ್ಗಿ ನೋಡುತ್ತ. ಅದನ್ನು ನಾನೇ ಕಣ್ಣಾರೆ ಕಂಡೆ. ಇಬ್ಬರಿಗೂ ಎಪ್ಪತ್ತು ದಾಟಿದೆ.

ಈಗ ಅಮ್ಮನ ವಿಷಯ. ಮಂಗಳವಾರವೇ ಹೇಳಿಕಳಿಸಿದರೂ ಫಾದರ್ ಕ್ಲೆಮೆಂಟ್ ಬಂದದ್ದು ಬುಧವಾರ. ಡಾಕ್ಟರ ಚೀಟಿಯಲ್ಲಿ ಮೊಹರು ಬಿದ್ದಿರಲಿಲ್ಲವಂತೆ. ಅವರು ಬಂದು, ನೇರಳೆ ಪಟ್ಟಿ ಹೆಗಲಿಗೆ ಹಾಕಿಕೊಂಡು, ಒಂದಕ್ಷರ ನುಂಗದೆ ಲತೀನಿನಲ್ಲಿ ಎಲ್ಲವನ್ನೂ ಹೇಳಿ, ಕಣ್ಣಿನಿಂದ ಪಾದದವರೆಗೆ ಎಣ್ಣೆ ಹಚ್ಚಿದರು. ಅಕ್ಕಪಕ್ಕದವರು ಮಂಡಿಯೂರಿ ಅಳುತ್ತಿದ್ದರು. ನಾನು ಅಮ್ಮನ ಕೈ ಹಿಡಿದುಕೊಂಡಿದ್ದೆ. ಎಲ್ಲ ಮುಗಿಯಿತು. ಅಮ್ಮ ಒಂದು ಕಣ್ಣು ತೆರೆದಳು.

“ಆಯ್ತಾ?” ಎಂದಳು.

ಅಳುತ್ತಿದ್ದವರು ನಿಲ್ಲಿಸಿದರು. ಫಾದರ್ ಕ್ಲೆಮೆಂಟ್ ಪುಸ್ತಕವನ್ನು ಮತ್ತೆ ತಿರುವಿ ನೋಡಿದರು. “ವಿಧಿಯಲ್ಲಿ ಲೋಪ ಇಲ್ಲ,” ಎಂದರು. “ತಾಯಿ, ನಿವೇದನೆ ಮಾಡದೆ ಉಳಿಸ್ಕೊಂಡ ಪಾಪ ಏನಾದ್ರೂ ಇದ್ಯಾ, ನೆನಪು ಮಾಡ್ಕೊಳ್ಳಿ.”

“ಪಾಪ ಮಾಡಕ್ಕೆ ನಂಗೆಲ್ಲಿತ್ತು ಪುರುಸೊತ್ತು,” ಎಂದಳು ಅಮ್ಮ. “ಮೂರು ಹೊತ್ತೂ ನಿಮ್ ಅಂಗಿಗೆ ಗಂಜಿ ಹಾಕೋದೇ ಆಯ್ತು.”

ಆದರೂ ನಮ್ಮನ್ನೆಲ್ಲ ಹೊರಗೆ ಕಳಿಸಿ ಅರ್ಧ ಗಂಟೆ ನಿವೇದನೆ ಮಾಡಿದಳು. ಗುರುವಾರ ಮತ್ತೆ ಎಣ್ಣೆ ಹಚ್ಚಿದರು. ಶುಕ್ರವಾರ ಮತ್ತೆ. ಅಮ್ಮನ ಹಣೆ, ಕೆನ್ನೆ, ಪಾದ ಎಲ್ಲ ಎಣ್ಣೆಯಲ್ಲಿ ಮಿಂದು ಮಿರಮಿರ ಮಿಂಚುತ್ತಿತ್ತು, ಜೀವ ಮಾತ್ರ ಅಲ್ಲೇ ಇತ್ತು. ಅಷ್ಟರಲ್ಲಿ ನಾನು ನಿವೃತ್ತಳಾದದ್ದನ್ನು ಅವಳು ಮರೆತಿದ್ದಳು. ಸ್ಕೂಲಿಗೆ ಹೊತ್ತಾಯಿತು, ಇನ್ನೂ ಇಲ್ಲೇ ಕೂತಿದ್ದೀಯಲ್ಲ ಎಂದು ಬೆಳಗ್ಗೆ ಬೆಳಗ್ಗೆ ಗದರಿಸುತ್ತಿದ್ದಳು.

ಅವತ್ತೇ ತರಕಾರಿ ಅಂಗಡಿಯ ಮುಂದೆ ಪೇಟೆ ಚರ್ಚಿನ ಫಾದರ್ ಜೋವಿಟ್ ಸ್ಕೂಟರ್ ನಿಲ್ಲಿಸಿ ವಿಚಾರಿಸಿದರು. ಮೂವತ್ತು ದಾಟದ ಹುಡುಗ, ಪ್ಯಾಂಟು ಷರಟಿನಲ್ಲೇ ಊರು ಸುತ್ತುವವರು. ವಿಷಯ ಕೇಳಿ ದನಿ ತಗ್ಗಿಸಿದರು. “ಟೀಚರ್, ನೀವು ಬೇಜಾರ್ ಮಾಡ್ಕೋಬೇಡಿ. ಈ ಆರು ತಿಂಗಳಲ್ಲಿ ಬೆಟ್ಟದವರು ಮೂರು ಜನ ನಮ್ಮ ಹಿಂದಿನ ಬಾಗಿಲಿಂದ ಬಂದ್ರು. ಎಲ್ಲರಿಗೂ ಅಲ್ಲಿ ಎಣ್ಣೆ ಆಗಿತ್ತು, ಹತ್ತಿರಲಿಲ್ಲ. ಮನೆಯವ್ರು ಯಾರಿಗೂ ಹೇಳ್ಬೇಡಿ ಅಂದಿದ್ರು.”

ನಾನು ತರಕಾರಿ ಬಿಟ್ಟು ನೇರ ಬೆಟ್ಟ ಹತ್ತಿದೆ. ಜಾಡಿ ನೋಡಿಕೊಳ್ಳುವುದು ಚೌರಪ್ಪ. ಮೊದಲಿನಿಂದಲೂ ಚರ್ಚಿನ ಕಸ, ಗಂಟೆ, ಎಣ್ಣೆ ಎಲ್ಲ ಅವನದೇ. ಎಪ್ಪತ್ತೈದರ ಮನುಷ್ಯ ಮೆಟ್ಟಿಲ ಮೇಲೆ ಕೂತು ಹಿತ್ತಾಳೆ ದೀಪ ಉಜ್ಜುತ್ತಿದ್ದ.

“ಪವಿತ್ರ ಗುರುವಾರ ಜಾಡಿಗೆ ಎಷ್ಟು ಹಾಕ್ದೆ ಚೌರಪ್ಪ?”

“ಎಂದಿನಂಗೇ ಅಮ್ಮಾರೆ. ಕಂಠದ ಮಟ್ಟ.”

“ಹಾಕೋ ಮುಂಚೆ ಎಷ್ಟಿತ್ತು?”

“ಇತ್ತು ಒಂದು ಕಾಲು ಜಾಡಿ. ಗಿರಣಿ ಅಯ್ನೋರು ಪಾಲು ತಕ್ಕೊಂಡ್ ಹೋಗಿದ್ರಲ್ಲ.”

ನಾನು ಅವನ ಪಕ್ಕದಲ್ಲಿ ಕೂತುಬಿಟ್ಟೆ. ಒಂದು ಪಾಲಿಗೆ ಮೂರು ಪಾಲು. ಇಂಥ ಲೆಕ್ಕವನ್ನು ಐದನೇ ಕ್ಲಾಸಿನ ಮಕ್ಕಳಿಗೆ ಕೊಡುತ್ತಿದ್ದೆ. ಪಾಲಾಗುವ ಮುಂಚೆ ಜಾಡಿಯಲ್ಲಿ ಯಾವಾಗಲೂ ಅರ್ಧಕ್ಕಿಂತ ಹೆಚ್ಚು ಉಳಿದಿರುತ್ತಿತ್ತು, ಕಂಠದವರೆಗೆ ತುಂಬಿದರೂ ಕಟ್ಟಳೆ ಮುರಿಯುತ್ತಿರಲಿಲ್ಲ. ಹೀಗಾಗಿ ಕಟ್ಟಳೆ ಏನೆಂಬುದು ಮರೆತು, ಕಂಠ ಮಾತ್ರ ನೆನಪಿತ್ತು. ಅಕ್ಷರ ಅಕ್ಷರಕ್ಕೂ ಸಂಪ್ರದಾಯ ಎನ್ನುವವರು, ಹಿಂದಿನಿಂದ ನಡೆದದ್ದನ್ನೇ ನಡೆಸಿ, ಐವತ್ತು ವರ್ಷದ ಎಣ್ಣೆಯನ್ನು ಒಂದು ಬೆಳಗ್ಗೆ ಅಡುಗೆ ಎಣ್ಣೆ ಮಾಡಿಟ್ಟಿದ್ದರು.

ಫಾದರ್ ಕ್ಲೆಮೆಂಟರಿಗೆ ಹೇಳಿದೆ, ಕಾಗದದ ಮೇಲೆ ಜಾಡಿ ಬರೆದು ಗೆರೆ ಎಳೆದು ತೋರಿಸಿದೆ. ಅವರ ಮುಖ ಬಿಳಿಚಿತು. ಅರ್ಥವಾಗಿತ್ತು, ಅರ್ಥವಾಗದ ಮನುಷ್ಯರಲ್ಲ ಅವರು. ಆದರೆ ಬಾಯಿಂದ ಬಂದ ಮಾತು ಬೇರೆ. “ಇದು ಸಂಘದ ಸಭೆಯಲ್ಲಿ ತೀರ್ಮಾನ ಆಗ್ಬೇಕಾದ ವಿಷಯ ಟೀಚರಮ್ಮ. ನಾನೊಬ್ಬನೇ ಹೇಳೋ ಹಾಗಿಲ್ಲ.”

“ಸಭೆ ಯಾವಾಗ?”

“ತ್ರೈಮಾಸಿಕ,” ಎಂದರು.

ಭಾನುವಾರ ಅಕ್ಕಿ ಗಿರಣಿಗೆ ಹೋದೆ. ಫಾದರ್ ಅನ್ಸೆಲ್ಮರ ಪಾಲಿನ ಎಣ್ಣೆ ಕೆಟ್ಟಿರಲಿಲ್ಲ. ಅವರು ಹೆದರಿಕೊಂಡು ಅದಕ್ಕೆ ಒಂದು ಹನಿಯನ್ನೂ ಸೇರಿಸಿರಲಿಲ್ಲ. ಅವರು ಬಂದರು ಕೂಡ. ಆದರೆ ಹಚ್ಚುವ ಮುಂಚೆ ಒಂದು ಮಾತು ಆಗಬೇಕಂತೆ. ಬೆಟ್ಟದ ಕ್ಲೆಮೆಂಟ್ ಹಾದಿ ತಪ್ಪಿದವನು, ಅವನ ಸಂಗ ಬಿಟ್ಟಿದ್ದೇನೆ ಎಂದು ಅಮ್ಮ ಹೇಳಬೇಕು. ಅಮ್ಮನಿಗೆ ಆ ಹೊತ್ತಿಗೆ ಇಪ್ಪತ್ತೈದು ವರ್ಷ ಮರೆತುಹೋಗಿತ್ತು. ಅವಳ ಪಾಲಿಗೆ ಇಬ್ಬರೂ ಒಂದೇ ಮನೆಯಲ್ಲಿ ಉಣ್ಣುತ್ತಿದ್ದ ಗುರುಗಳು.

“ಯಾವ್ ಕ್ಲೆಮೆಂಟು? ನಿಮ್ ಜೊತೆ ಕೂತು ಕೇರಂ ಆಡ್ತಾರಲ್ಲ, ಅವ್ರಾ? ಅವ್ರೇನ್ ಮಾಡಿದ್ರು ಸ್ವಾಮಿ?”

ಫಾದರ್ ಅನ್ಸೆಲ್ಮ್ ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಬಿಷಪ್ಪರ ಕಾಗದದ ಕಥೆಯನ್ನು ಮೊದಲಿನಿಂದ ಹೇಳಿದರು. ಒಂದೂವರೆ ಗಂಟೆ ಹಿಡಿಯಿತು. ಅಮ್ಮ ಕೇಳಿದಳು. ಕೇಳಿ, “ಉತ್ರ ಬರೆಯಕ್ಕೆ ಇಷ್ಟು ಜಗಳವಾ?” ಎಂದಳು. “ಇಬ್ಬರಿಗೂ ಒಂದೇ ಥಾನು ಬಟ್ಟೇಲಿ ಅಂಗಿ ಹೊಲ್ದಿದೀನಿ. ಹೋಗಿ, ಇಬ್ಬರೂ ಒಟ್ಟಿಗೆ ಬನ್ನಿ.”

“ತಿಳಿದು ಹೇಳದಿದ್ದರೆ ಪ್ರಯೋಜನವಿಲ್ಲ, ತಿಳಿಯುವ ಸ್ಥಿತಿ ದಾಟಿದೆ,” ಎಂದು ಫಾದರ್ ಅನ್ಸೆಲ್ಮ್ ಎಣ್ಣೆ ಬಾಟಲಿಯನ್ನು ಜೇಬಿಗೆ ಹಾಕಿಕೊಂಡು ಎದ್ದರು. ಬಾಗಿಲಲ್ಲಿ ಅವರ ಕಾಲು ಹಿಡಿಯಲೂ ಸಿದ್ಧಳಿದ್ದೆ. ಅವರ ಕಣ್ಣಲ್ಲಿ ನೀರಿತ್ತು, ಅದನ್ನು ಕಂಡೆ. ನೀರಿಟ್ಟುಕೊಂಡೇ ಹೊರಟುಹೋದರು. ಇಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ಕಷ್ಟ, ಮಾಡಿಕೊಳ್ಳದಿರುವುದಂತೂ ಆಗುವುದೇ ಇಲ್ಲ.

ಪೇಟೆಯ ಫಾದರ್ ಜೋವಿಟ್‌ರನ್ನು ಕರೆದರೆ ಅಮ್ಮ ಮುಷ್ಟಿ ಬಿಗಿಯುತ್ತಾಳೆಂದು ಗೊತ್ತಿತ್ತು, ಕರೆದೆ, ಬಿಗಿದಳು. ಅವತ್ತು ಸಂಜೆ ಕೂತು ಲೆಕ್ಕ ಹಾಕಿದೆ. ದಿನಕ್ಕೆ ಐದು ವರ್ಷ. ಸಂಘಕ್ಕೆ ಐವತ್ತೆರಡು. ಹತ್ತು ದಿನ ಕಳೆದು ಹನ್ನೊಂದನೆಯ ದಿನ, ಅಂದರೆ ಮುಂದಿನ ಶನಿವಾರದ ಹೊತ್ತಿಗೆ, ಸಂಘವೆಂಬುದೇ ಅವಳ ತಲೆಯಿಂದ ಹೋಗಿರುತ್ತದೆ. ಬೆಟ್ಟ, ಗಿರಣಿ, ಪೇಟೆ, ಯಾವುದರ ಜಗಳವೂ ಇರುವುದಿಲ್ಲ. ಯಾವ ಪಾದ್ರಿ ಬಂದರೂ ಅಂಗೈ ಬಿಚ್ಚಿಯಾಳು. ಆದರೆ ನನಗೆ ಅರವತ್ತು. ಭಾನುವಾರದ ಹೊತ್ತಿಗೆ ನಾನೂ ಹೋಗಿರುತ್ತೇನೆ. ನಡುವೆ ಇರುವುದು ಆ ಶನಿವಾರ ಒಂದೇ, ಆ ದಿನ ಅವಳಿಗೆ ಗೊತ್ತಿರುವುದು ಐದಾರು ವರ್ಷದ ರೆಜಿ ಮಾತ್ರ. ನಾನು ಮದುವೆಯಾದವಳಲ್ಲ. ಅಮ್ಮನ ಜೊತೆ ಒಂದೇ ಸೂರಿನಡಿ, ಬೈಸಿಕೊಂಡು, ಬೈದು, ಬದುಕಿದವಳು. ಆ ಬದುಕನ್ನು ಕಂಡವರು ಅವಳೊಬ್ಬಳೇ. ಅದಷ್ಟೂ ಇವರ ಜಗಳದ ಜೊತೆಗೇ ಕೊಚ್ಚಿಹೋಗಬೇಕೆಂದ ಮೇಲೆ ನನ್ನ ಹೊಟ್ಟೆ ಉರಿದ ಪರಿಯನ್ನು ಹೇಗೆ ಬರೆಯಲಿ.

ಆ ವಾರ ದಿನಕ್ಕೆರಡು ಸಲ ಬೆಟ್ಟ ಹತ್ತಿದೆ. ಫಾದರ್ ಕ್ಲೆಮೆಂಟ್ ಒಮ್ಮೆ ಧ್ಯಾನದಲ್ಲಿರುತ್ತಿದ್ದರು, ಒಮ್ಮೆ ತಲೆನೋವಿನಲ್ಲಿ. ಮನೆಯಲ್ಲಿ ಸೋಮವಾರ ಅಮ್ಮ, “ನಿಮ್ಮಪ್ಪ ಇನ್ನೂ ಬರ್ಲಿಲ್ವಾ?” ಎಂದಳು. ಅಪ್ಪ ತೀರಿಕೊಂಡು ಇಪ್ಪತ್ತೊಂಬತ್ತು ವರ್ಷ. ಬರುತ್ತಾರೆ ಎಂದೆ. ಬುಧವಾರ ನನ್ನ ನೆರೆತ ತಲೆ ನೋಡಿ ಸೋದರತ್ತೆಯೆಂದುಕೊಂಡು, “ಅತ್ತಿಗೆ, ಯಾವಾಗ್ ಬಂದ್ರಿ, ರೆಜಿ ಕಾಲೇಜಿಗೆ ಹೋಗವ್ಳೆ,” ಎಂದು ಕೂರಲು ಹೇಳಿದಳು. ಅತ್ತಿಗೆಯ ಹತ್ತಿರ ನನ್ನ ಬಗ್ಗೆ ದೂರು ಹೇಳಿದಳು: ಹಟಮಾರಿ, ಅಡುಗೆಮನೆ ಕಡೆ ತಲೆ ಹಾಕುವುದಿಲ್ಲ, ಆದರೆ ಲೆಕ್ಕದಲ್ಲಿ ಜಾಣೆ. ಈ ಕೊನೆಯ ಮಾತನ್ನು ಅವಳು ನನಗೆ ಎಂದೂ ಹೇಳಿರಲಿಲ್ಲ.

ಶನಿವಾರ ಬೆಳಗ್ಗೆ ಹಾಸಿಗೆಯ ಹತ್ತಿರ ಕೂತು ಕೇಳಿದೆ. “ಬೆಟ್ಟದ ಮೇಲೆ ಏನಿದೆ, ಗೊತ್ತಾ?”

ಅಮ್ಮ ನನ್ನನ್ನು ಯಾರೋ ಹೊಸಬರೆಂಬಂತೆ ನೋಡಿದಳು. “ಬೆಟ್ಟದ ಮೇಲೆ ಏನಿರತ್ತೆ. ಸೀತಾಫಲದ ಗಿಡ.”

ಅಲ್ಲಿಗೆ ಐವತ್ತೆರಡು ವರ್ಷದ ಚರಿತ್ರೆ ಮುಗಿದಿತ್ತು. ನಾನು ಪೇಟೆ ಚರ್ಚಿಗೆ ಓಡಿದೆ. ಫಾದರ್ ಜೋವಿಟ್ ತಕ್ಷಣ ಸ್ಕೂಟರ್ ಹತ್ತಿ ಬಂದರು. ಷರಟಿನ ಮೇಲೆ ಪಟ್ಟಿ ಹಾಕಿಕೊಂಡು, ಅಚ್ಚ ಕನ್ನಡದಲ್ಲಿ, ಮುದ್ದಾಗಿ ಶುರುಮಾಡಿದರು. ಅಮ್ಮ ನಾಲ್ಕು ಮಾತು ಕೇಳಿ ಎರಡೂ ಮುಷ್ಟಿ ಬಿಗಿದಳು.

“ಇವ್ರ್ಯಾರು? ಪಾದ್ರಿ ಅಂಗಿ ಇಲ್ಲ. ಸಂತೆಲಿ ಮಾತಾಡ್ದಂಗೆ ಮಾತಾಡ್ತಾರೆ. ನಂಗೆ ಪೂಜೆ ಮಾಡೋ ಪಾದ್ರಿ ಬೇಕು.”

ನನ್ನ ಲೆಕ್ಕ ಎಲ್ಲಿ ತಪ್ಪಿತೆಂದು ಆಗ ಹೊಳೆಯಿತು. ಜಗಳಕ್ಕಿಂತ ಹಿಂದೆ ಹೋದರೆ ಸಿಗುವುದು ಜಗಳವಿಲ್ಲದ ಕಾಲ ನಿಜ, ಆದರೆ ಆ ಕಾಲದಲ್ಲಿ ಕನ್ನಡದ ಪೂಜೆಯೇ ಇರಲಿಲ್ಲ. ಫಾದರ್ ಜೋವಿಟ್‌ರನ್ನು ಹೊರಗೆ ಕರೆದು, ಲತೀನಿನಲ್ಲಿ ಹೇಳಲಾಗುತ್ತದೆಯೇ ಎಂದು ಕೇಳಿದೆ.

“ಸೆಮಿನರಿಯಲ್ಲಿ ಲತೀನ್ ಇಲ್ಲಾಂದ್ರೆ ಸಂಗೀತ ತಗೋಬಹುದಿತ್ತು,” ಎಂದರು ಪಾಪ. “ನಾನು ಗಿಟಾರ್ ತಗೊಂಡೆ.” ಆಮೇಲೆ ತಮ್ಮ ಪುಟ್ಟ ಎಣ್ಣೆ ಬಾಟಲಿಯನ್ನು ನನ್ನ ಕೈಗಿಟ್ಟರು. “ಯಾರ ಕೈಯಿಂದಾದ್ರೂ ಹಚ್ಚಿಸಿ ಟೀಚರ್. ನಂದೇನೂ ಅಭ್ಯಂತರ ಇಲ್ಲ.” ಹನ್ನೊಂದು ದಿನದಲ್ಲಿ ನನಗೆ ಸಿಕ್ಕ ಮೊದಲ ಒಳ್ಳೆಯ ಮಾತು ಅದು.

ಮತ್ತೆ ಬೆಟ್ಟ ಹತ್ತಿದೆ. ಫಾದರ್ ಕ್ಲೆಮೆಂಟ್ ಮೇಜಿನ ಮುಂದೆ ಕೂತಿದ್ದರು. ಬಾಟಲಿಯನ್ನು ಅವರ ಎದುರಿಗಿಟ್ಟೆ. ಅದು ಊರಿನ ಬಿಷಪ್ಪರ ಎಣ್ಣೆಯೆಂದು ನೋಡಿದ ಕೂಡಲೇ ಗೊತ್ತಾಯಿತು ಅವರಿಗೆ, ಕೈ ಹಿಂದಕ್ಕೆಳೆದುಕೊಂಡರು. ಇದನ್ನು ಮುಟ್ಟಿದರೆ ನಾಳೆ ಮೇಲೆ ಹೋದಾಗ ಹಿಲಾರಿ ಸ್ವಾಮಿಗಳಿಗೆ ಏನು ಉತ್ತರ ಕೊಡಲಿ, ಸಭೆ ಕರೆಯುತ್ತೇನೆ, ತುರ್ತು ಸಭೆ ಎಂದರು.

“ನಿಮ್ಮ ಸಭೆ ಮುಗಿಯೋ ಹೊತ್ತಿಗೆ ನಮ್ಮಮ್ಮ ಹಾಲು ಕುಡಿಯೋ ಮಗು ಆಗಿರ್ತಾಳೆ,” ಎಂದೆ. “ಮೂರು ವರ್ಷದಿಂದ ನಿಮ್ಮ ಚರಿತ್ರೆ ಕೇಳಿಸ್ಕೊಂಡಿದೀನಿ ಫಾದರ್, ಇವತ್ತು ನನ್ನ ಒಂದು ಪ್ರಶ್ನೆ ಕೇಳಿಸ್ಕೊಳ್ಳಿ. ನಿಮಗೆ ಎಪ್ಪತ್ತಮೂರು. ನಾಳೆ ನಿಮ್ಮ ಉಸಿರು ನಿಲ್ಲತ್ತೆ ಅಂತಿಟ್ಕೊಳ್ಳಿ. ಆ ಜಾಡಿ ಎಣ್ಣೆ ನೀವು ಹಚ್ಚಿಸ್ಕೊಳ್ತೀರಾ?”

ಅವರು ಕಿಟಕಿಯ ಕಡೆ ನೋಡಿದರು. ನಾನು ಬಾಟಲಿಯನ್ನು ಅಲ್ಲೇ ಬಿಟ್ಟು ಇಳಿದು ಬಂದೆ. ಬರುವ ದಾರಿಯಲ್ಲಿ ಅಳುತ್ತಿದ್ದೆ, ಎದುರಿಗೆ ಸಿಕ್ಕವರು ದಾರಿ ಬಿಟ್ಟರು.

ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಫಾದರ್ ಕ್ಲೆಮೆಂಟ್ ಬಂದರು. ನಡೆದೇ ಬಂದಿದ್ದರು, ಕಪ್ಪು ನಿಲುವಂಗಿಯ ಅಂಚು ಧೂಳಾಗಿತ್ತು. ಕೈಯಲ್ಲಿ ಬೆಳ್ಳಿಯ ಎಣ್ಣೆ ಡಬ್ಬಿ. ದಾರಿಯಲ್ಲಿ ಅಕ್ಕಿ ಗಿರಣಿಯ ಬಾಗಿಲು ತಟ್ಟಿದರೆಂದು ಆಮೇಲೆ ಕೆಲವರು ಹೇಳಿದರು, ಇಲ್ಲ, ಪೇಟೆ ಎಣ್ಣೆಯನ್ನೇ ಡಬ್ಬಿಗೆ ಬಗ್ಗಿಸಿಕೊಂಡರೆಂದು ಚೌರಪ್ಪ ಹೇಳಿದ. ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಅಮ್ಮ ಅವರ ನಿಲುವಂಗಿ ಕಂಡು ಎದ್ದು ಕೂರಲು ನೋಡಿದಳು.

“ಫಾದರ್ ಹಿಲಾರಿ ಬರ್ಲಿಲ್ವಾ ಸ್ವಾಮಿ?”

ಫಾದರ್ ಕ್ಲೆಮೆಂಟ್, “ಅವರೇ ಕಳಿಸಿದ್ರು ತಾಯಿ,” ಎಂದರು.

ಅವರು ಪುಸ್ತಕ ತೆರೆಯುವಷ್ಟರಲ್ಲಿ ಅಮ್ಮ ನನ್ನ ಕೈ ಹಿಡಿದುಕೊಂಡಳು. “ನೀವ್ಯಾರೋ ಗೊತ್ತಿಲ್ಲ ಕಣಮ್ಮ. ಬೆಳಗ್ಗೆಯಿಂದ ನಮ್ಮನೆಯವ್ರಂಗೆ ನೋಡ್ಕೊಂಡ್ರಿ. ಒಂದು ಉಪಕಾರ ಮಾಡಿ. ನಮ್ ರೆಜಿ ಒಂದನೇ ಕ್ಲಾಸು, ಸ್ಕೂಲಿಗೆ ಹೋಗವ್ಳೆ. ಸ್ಲೇಟು ಒಡ್ಕೊಂಡ್ಳು ಅಂತ ಬೆಳಗ್ಗೆ ಎರಡೇಟು ಹೊಡ್ದುಬಿಟ್ಟೆ. ಅಳ್ತಾ ಹೋದ್ಳು. ಬಂದ್ಮೇಲೆ ಅಮ್ಮಂಗೆ ಕೋಪ ಇಲ್ಲ ಅಂತ ಹೇಳಿ. ಅನ್ನ ಮುಚ್ಚಿಟ್ಟಿದೀನಿ, ಕೈಕಾಲು ತೊಳ್ಕೊಂಡು ಊಟ ಮಾಡ್ಲಿ.”

“ಹೇಳ್ತೀನಿ,” ಎಂದೆ.

“ಮರೀಬೇಡಿ. ನಾನ್ ಹೇಳ್ದೆ ಅನ್ಬೇಕು, ಇಲ್ದಿದ್ರೆ ಉಣ್ಣಲ್ಲ ಅವ್ಳು.”

ಆಮೇಲೆ ಅಂಗೈಗಳನ್ನು ತಾನಾಗಿಯೇ ಬಿಚ್ಚಿ ಮೇಲ್ಮುಖವಾಗಿ ಇಟ್ಟಳು. ಫಾದರ್ ಕ್ಲೆಮೆಂಟ್ ಎರಡು ಕಡೆ ತಪ್ಪಿ ಓದಿದರು, ತಿದ್ದಿಕೊಳ್ಳಲಿಲ್ಲ. ಲತೀನಿನ ಉತ್ತರಗಳನ್ನು ಅಮ್ಮನೇ ಹೇಳುತ್ತಿದ್ದಳು. ಪಾದಗಳಿಗೆ ಎಣ್ಣೆ ಹಚ್ಚುವಾಗ ಒಂದು ಉತ್ತರ ಬರಲಿಲ್ಲ. ಅದನ್ನು ನಾನು ಹೇಳಿದೆ.

ಭಾನುವಾರ ಮಣ್ಣು ಮಾಡಿದೆವು. ಮೂವರು ಪಾದ್ರಿಗಳೂ ಬಂದಿದ್ದರು. ಒಬ್ಬರ ಮುಖ ಒಬ್ಬರು ನೋಡದೆ, ಮೂರು ಕಡೆ ನಿಂತು, ಮೂರು ಹಿಡಿ ಮಣ್ಣು ಹಾಕಿದರು. ಮನೆಗೆ ಬಂದ ಮೇಲೆಯೂ ಜಗುಲಿಯಲ್ಲಿ ಮೂರು ಮೂಲೆ ಹಿಡಿದು ಕೂತರು. ಫಾದರ್ ಕ್ಲೆಮೆಂಟ್ ಗಂಟಲು ಸರಿಮಾಡಿಕೊಂಡು, ಚರಿತ್ರೆಯ ಪುಸ್ತಕದಲ್ಲಿ ಈ ಪ್ರಕರಣವನ್ನು ಹೇಗೆ ಬರೆಯುತ್ತೀರಿ ಟೀಚರಮ್ಮ ಎಂದು ಕೇಳಿದರು. ಅಲ್ಲಿ, ಆ ಹೊತ್ತಿನಲ್ಲಿ. ಅಮ್ಮನಿಗೆ ಕೋಪವಿಲ್ಲದಿರಬಹುದು, ನನಗಿದೆ. ಐವತ್ತೆರಡು ವರ್ಷ ಅವಳು ಇವರ ಬಟ್ಟೆ ಹೊಲಿದಳು, ಆ ಐವತ್ತೆರಡನ್ನೂ ನನ್ನಿಂದ ಕಿತ್ತುಕೊಂಡು ಕಳಿಸಿದರು. ನಾನು ಸಾಯುವಾಗಲೂ ಈ ಕೋಪ ನನಗೆ ನೆನಪಿರಬೇಕೆಂದು ಆಸೆ, ಆದರೆ ಹೊಸದು ಮೊದಲು ಹೋಗುತ್ತದೆ.

ಎದ್ದು ಒಳಗೆ ಹೋದೆ. ಸ್ಲೇಟು ಒಡೆದದ್ದು, ಹೊಡೆಸಿಕೊಂಡದ್ದು, ಅತ್ತದ್ದು, ಎಷ್ಟು ತಡಕಿದರೂ ನೆನಪಿಗೆ ಬರಲಿಲ್ಲ. ಬಚ್ಚಲಿಗೆ ಹೋಗಿ ಕೈಕಾಲು ತೊಳೆದುಕೊಂಡೆ. ಪಕ್ಕದ ಮನೆಯವರು ತಂದಿಟ್ಟ ಅನ್ನದ ಮುಂದೆ ಕೂತು, “ರೆಜಿ, ಅಮ್ಮಂಗೆ ಕೋಪ ಇಲ್ವಂತೆ,” ಎಂದು ಗಟ್ಟಿಯಾಗಿ ಹೇಳಿಕೊಂಡೆ. “ಅಮ್ಮನೇ ಹೇಳಿದ್ದು.” ಆಮೇಲೆ ಊಟ ಮಾಡಿದೆ.